ಸಂಪಿನ ಮುಚ್ಚಳ ತೆಗೆದು ನೋಡ್ರಿ: ಸಿಂಹಗಡ ರಸ್ತೆಯ ಪ್ಲಂಬರ್ ಒಬ್ಬನ ಮಾತು

2025ರ ಜನವರಿ ಕೊನೆಗೆ ನನ್ನ ಫೋನು ನಸುಕಿನ ಐದಕ್ಕೇ ಬಡಕೊಳ್ಳಲು ಶುರುಮಾಡಿತು. ನಾನು ಇಂಡಿ ತಾಲೂಕಿನವ, ಪುಣೆಗೆ ಬಂದು 22 ವರ್ಷ. ಧಾಯರಿ, ನಾಂದೇಡ್ ಗಾಂವ್, ಕಿರ್ಕಟವಾಡಿ, ಖಡಕವಾಸ್ಲಾ, ಇಷ್ಟೇ ನನ್ನ ಸೀಮೆ. ನಳ ಕೂಡಿಸುವುದು, ಟಾಕಿ ತೊಳೆಯುವುದು, ನೆಲದಡಿ ಸೋರುವ ಪೈಪು ಹುಡುಕುವುದು ನನ್ನ ಹೊಟ್ಟೆಪಾಡು. ಆ ತಿಂಗಳು ಇದೇ ಊರುಗಳ ಹೆಸರು ದಿನವೂ ಟೀವಿಯಲ್ಲಿ ಬರುತ್ತಿತ್ತು. ಗಿಲಿಯನ್ ಬಾರೆ ಸಿಂಡ್ರೋಮ್ ಅನ್ನುವ ಕಾಯಿಲೆ, ಜನರ ಬಾಯಲ್ಲಿ ಜಿಬಿಎಸ್. ಪಾದದಲ್ಲಿ ಜುಮುಜುಮು ಅಂತ ಶುರುವಾಗಿ ಕೈಕಾಲಿನ ಬಲ ಇಳಿಯುತ್ತ ಹೋಗುತ್ತದೆ. ಕೆಲವರಿಗೆ ಉಸಿರಾಟಕ್ಕೂ ಯಂತ್ರ ಬೇಕಾಯಿತು. ಸಂಶಯಿತ ರೋಗಿಗಳ ಲೆಕ್ಕ ಕೆಲವೇ ವಾರಗಳಲ್ಲಿ 200 ದಾಟಿತು. ಹಲವರ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಅನ್ನುವ, ಭೇದಿ ತಂದು ಅದರ ಬೆನ್ನಿಗೆ ಕೆಲವರಿಗೆ ಜಿಬಿಎಸ್ ತರುವ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಕೆಟ್ಟ ನೀರಿನಿಂದಲೂ ಬರುತ್ತದೆ, ಅರೆಬೆಂದ ಕೋಳಿಯಿಂದಲೂ ಬರುತ್ತದೆ.

ಫೋನು ಮಾಡಿದವರೆಲ್ಲ ಕೇಳಿದ್ದು ಒಂದೇ ಮಾತು: "ಅಣ್ಣಾ, ನಮ್ಮ ನೀರು ಛಲೋ ಅದನೋ ಇಲ್ಲೋ?" ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟು ವರ್ಷ ನಾನು ನೀರನ್ನು ಕಣ್ಣಿನಿಂದ ನೋಡಿದ್ದೆ, ಮೂಗಿನಿಂದ ಮೂಸಿದ್ದೆ, ಅಷ್ಟೇ. ಗಡೂಳ ಇಲ್ಲ, ವಾಸನೆ ಇಲ್ಲ ಅಂದರೆ ಚೊಕ್ಕ ಅಂತಿದ್ದೆ. ವಾಟರ್‌ವರ್ಕ್ಸ್‌ನಲ್ಲಿ ದುಡಿದು ನಿವೃತ್ತರಾದ ಸೊಲ್ಲಾಪುರ ಕಡೆಯ ಹಿರಿಯರೊಬ್ಬರು ಆ ವಾರ ನನ್ನ ಕೈಗೆ ಒಂದು ಪುಟ್ಟ ಡಬ್ಬಿ ಕೊಟ್ಟು, "ಕಣ್ಣು ನಂಬಬೇಡ, ಇದನ್ನು ನಂಬು" ಅಂದರು. ಅವರಿಂದ ಕಲಿತದ್ದನ್ನೂ ಆಮೇಲೆ ಸಂಪಿನ ಮೇಲೆ ಸಂಪು ತೆಗೆದು ನಾನೇ ಕಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಲಬುರಗಿ, ವಿಜಯಪುರ, ಬೀದರಿನಿಂದ ಬಂದು ಇಲ್ಲಿ ಖೋಲಿ ಹಿಡಿದವರಿಗೂ, ಸೊಸೈಟಿಯಲ್ಲಿ ಫ್ಲ್ಯಾಟ್ ತೊಗೊಂಡವರಿಗೂ ಇದು ಬೇಕಾಗುತ್ತದೆ.

ಮೊದಲು ಓಟಿ ಟೆಸ್ಟ್ ಕಲಿಯಿರಿ

ಆ ಡಬ್ಬಿಯ ಹೆಸರು ಕ್ಲೋರೋಸ್ಕೋಪ್. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಒಳಗೆ ಗಾಜಿನ ನಳಿಕೆ, ಬಣ್ಣದ ಪಟ್ಟಿ, ಆರ್ಥೋಟೋಲಿಡಿನ್ ದ್ರಾವಣದ ಶೀಸೆ ಇರುತ್ತವೆ. ಊರೂರಿನ ನೀರು ಬಿಡುವವರೆಲ್ಲ ಇದನ್ನು ಓಟಿ ಟೆಸ್ಟ್ ಅಂತಾರೆ.

ನಳ ಬಿಟ್ಟು ಒಂದೆರಡು ನಿಮಿಷ ನೀರು ಹರಿಯಲಿ. ನಳಿಕೆಯನ್ನು ಅದೇ ನೀರಿನಿಂದ ತೊಳೆದು ಗೆರೆಯ ತನಕ ತುಂಬಿ, ಡಬ್ಬಿಯ ಮೇಲೆ ಬರೆದಷ್ಟು ಹನಿ ಹಾಕಿ ಅಲ್ಲಾಡಿಸಿರಿ. ನೀರು ಹಳದಿಗೆ ತಿರುಗಿದರೆ ಅದರಲ್ಲಿ ಕ್ರಿಮಿ ಕೊಲ್ಲುವ ಕ್ಲೋರಿನ್ ಉಂಟು. ಎಷ್ಟು ಹಳದಿ ಅನ್ನುವುದನ್ನು ಪಟ್ಟಿಗೆ ಹಿಡಿದು ಕೂಡಲೇ, ಹತ್ತು ಸೆಕೆಂಡಿನೊಳಗೆ ಓದಬೇಕು. ತಡ ಮಾಡಿದರೆ, ಕೊಳೆಯ ಜೊತೆ ಕೂಡಿಕೊಂಡು ಬಲ ಕಳಕೊಂಡ ಕ್ಲೋರಿನ್ ಕೂಡ ಬಣ್ಣ ಕೊಟ್ಟು ಮೋಸ ಮಾಡುತ್ತದೆ. ಆ ದ್ರಾವಣ ವಿಷ. ಟೆಸ್ಟ್ ಮಾಡಿದ ನೀರನ್ನು ಚೆಲ್ಲಿ ಕೈ ತೊಳಕೊಳ್ಳಿರಿ, ಶೀಸೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡ್ರಿ. ಇದು ಬೇಡ ಅನ್ನುವವರಿಗೆ ಡಿಪಿಡಿ ಗುಳಿಗೆಯ ಕಿಟ್ ಇದೆ. ಅದರಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬೆಲೆ ಹೆಚ್ಚು, ಆದರೆ ನನಗೆ ಈಗ ಅದೇ ಮೇಲು ಅನ್ನಿಸುತ್ತದೆ.

ನೆನಪಿಡುವ ಅಂಕಿ ಎರಡೇ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಮನೆಯ ನಳದಲ್ಲಿ ಉಳಿಕೆ ಕ್ಲೋರಿನ್ (ಕ್ರಿಮಿ ಕೊಂದ ಮೇಲೂ ನೀರಿನಲ್ಲಿ ಉಳಿದದ್ದು) ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ರೋಗ ಹಬ್ಬಿದ ಹೊತ್ತಿನಲ್ಲಿ, ವೈರಸ್ ಭಯ ಇದ್ದಾಗ, 0.5 ಇರಬೇಕು.

"ನೀರಿಗೆ ಔಷಧದ ವಾಸನೆ ಬರ್ತದ, ಕುಡಿಯೋಕಾಗಲ್ಲ" ಅಂತ ನೂರು ಮನೆಯಲ್ಲಿ ಕೇಳಿದ್ದೇನೆ. ಆ ತುಸು ವಾಸನೆ ಕ್ಲೋರಿನ್‌ನದು, ಅದು ಬಂದರೆ ನಾನು ಈಗ ನೆಮ್ಮದಿಯ ಉಸಿರು ಬಿಡುತ್ತೇನೆ. ಒಂದು ಪಾತ್ರೆಗೆ ಹಿಡಿದು ಜಾಳಿಗೆ ಬಟ್ಟೆ ಮುಚ್ಚಿ ಒಂದೆರಡು ತಾಸು ಇಟ್ಟರೆ ವಾಸನೆ ಹೋಗುತ್ತದೆ.

ಒಂದೇ ನಳದಲ್ಲಿ ನೋಡಿದರೆ ಸಾಲದು

ಕ್ಲೋರಿನ್ ಬರೀ ಕ್ರಿಮಿ ಕೊಲ್ಲುವ ಔಷಧ ಅಂದುಕೊಂಡಿದ್ದೆ. ಅದು ಕಳ್ಳನನ್ನು ತೋರಿಸುವ ನಾಯಿಯೂ ಹೌದು ಅಂತ ತಿಳಿದದ್ದು ಕಿರ್ಕಟವಾಡಿ ಹತ್ತಿರದ 36 ಮನೆಗಳ ಒಂದು ಸೊಸೈಟಿಯಲ್ಲಿ. ಅಲ್ಲಿ ಎರಡು ತಿಂಗಳಿನಿಂದ ಯಾರಿಗಾದರೂ ಒಬ್ಬರಿಗೆ ಭೇದಿ ಇದ್ದೇ ಇರುತ್ತಿತ್ತು. ನೀರು ಕನ್ನಡಿಯಂಗ ತಿಳಿಯಾಗಿತ್ತು. ಮೇಲಿನ ಟಾಕಿ ತೊಳೆಸಿ ಹದಿನೈದು ದಿನವೂ ಆಗಿರಲಿಲ್ಲ. ಎಲ್ಲರೂ ಹೊರಗಿನ ಲೈನಿನ ಮೇಲೆ ತಪ್ಪು ಹೊರಿಸಿದ್ದರು.

ಮೊದಲು ಮೀಟರಿನ ಹತ್ತಿರ, ಹೊರಗಿನ ನೀರು ಬಂದು ಬೀಳುವ ಬಾಯಿಯಲ್ಲಿ ಟೆಸ್ಟ್ ಮಾಡಿದೆ: 0.5. ಆಮೇಲೆ ಸಂಪಿನೊಳಗಿನ ನೀರು ತೆಗೆದು ನೋಡಿದೆ: ಬಣ್ಣವೇ ಬರಲಿಲ್ಲ. ಮೇಲಿನ ಟಾಕಿ, ಮನೆಯ ನಳ, ಎಲ್ಲ ಕಡೆ ಸೊನ್ನೆ. ಅಂದರೆ ಒಳ್ಳೆಯ ನೀರು ಗೇಟಿನ ತನಕ ಬಂದಿತ್ತು, ಆರು ಹೆಜ್ಜೆ ದಾಟುವಷ್ಟರಲ್ಲಿ ಏನೋ ಅದರ ಕ್ಲೋರಿನ್ ತಿಂದುಹಾಕಿತ್ತು.

ಪಂಪು ಹಚ್ಚಿ ಸಂಪು ಖಾಲಿ ಮಾಡಿಸಿದೆವು. ಟಾರ್ಚ್ ಬಿಟ್ಟು ನೋಡಿದರೆ ಪೂರ್ವದ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಕರಿ ಪಸೆ. ಕಾಯುತ್ತ ಕೂತೆವು. ಹತ್ತು ನಿಮಿಷಕ್ಕೆ ಆ ಪಸೆಯಿಂದ ಒಂದು ಹನಿ ಇಳಿಯಿತು, ಆಮೇಲೆ ಇನ್ನೊಂದು. ಆ ಗೋಡೆಯ ಆಚೆ ನಾಲ್ಕು ಅಡಿ ದೂರದಲ್ಲಿ ಡ್ರೈನೇಜ್ ಚೇಂಬರ್. ಅದರ ಮುಂದಿನ ಪೈಪು ಕಟ್ಟಿಕೊಂಡು ಚೇಂಬರ್ ಕಂಠದ ತನಕ ತುಂಬಿ ನಿಂತಿತ್ತು. ಒತ್ತಡಕ್ಕೆ ಅಲ್ಲಿನ ಹೊಲಸು ಮಣ್ಣಿನೊಳಗಿಂದ ಹಾದು ಸಂಪಿನ ಬಿರುಕು ಹುಡುಕಿತ್ತು. ಆ ಹನಿಯನ್ನು ನೋಡಿದ ಮೇಲೆ ಮೂರನೇ ಮಹಡಿಯ ತಾಯಿಯೊಬ್ಬಳು ಅಲ್ಲೇ ಕುಸಿದು ಕೂತು ಅತ್ತಳು. ಅವಳ ಮಗ ವಾರ ಮೊದಲಷ್ಟೇ ದವಾಖಾನೆಯಿಂದ ಬಂದಿದ್ದ.

ಚೇಂಬರ್ ಬಿಡಿಸಿ, ಬಿರುಕು ಕೊರೆದು ವಾಟರ್‌ಪ್ರೂಫ್ ಸಿಮೆಂಟ್ ತುಂಬಿ, ಸಂಪು ತೊಳೆದು ನೀರು ಬಿಟ್ಟೆವು. ಎರಡನೇ ದಿನ ಸಂಪಿನಲ್ಲಿ 0.4 ತೋರಿಸಿತು.

ಹೀಗಾಗಿ ಯಾವಾಗ ನೋಡಿದರೂ ನಾಲ್ಕು ಕಡೆ ನೋಡ್ರಿ: ಮೀಟರ್ ಬಾಯಿ, ಸಂಪು, ಮೇಲಿನ ಟಾಕಿ, ಎಲ್ಲಕ್ಕಿಂತ ದೂರದ ಮನೆಯ ನಳ. ಒಂದು ವಹಿಯಲ್ಲಿ ತಾರೀಖು ಹಾಕಿ ಬರೆದಿಡ್ರಿ. ಅಂಕಿ ಸ್ವಲ್ಪ ಇಳಿಯುವುದು ಸಹಜ. ನಿಂತ ನೀರಿನಲ್ಲಿ ಕ್ಲೋರಿನ್ ಕಡಿಮೆಯಾಗುತ್ತ ಹೋಗುತ್ತದೆ. ಆದರೆ ಒಂದು ಕಡೆ 0.5 ಇದ್ದು ಮುಂದಿನ ಕಡೆ ಧಪ್ಪನೆ ಸೊನ್ನೆ ಆದರೆ ಆ ಎರಡರ ನಡುವೆ ಹೊಲಸು ಸೇರುತ್ತಿರಬಹುದು, ಇಲ್ಲ ತಳದಲ್ಲಿ ಹೂಳು ತುಂಬಿರಬಹುದು. ಅಗೆಯುವ ಮೊದಲು ಅಲ್ಲಿ ಹುಡುಕಿರಿ. ಮೀಟರ್ ಬಾಯಿಯಲ್ಲೇ ಸೊನ್ನೆ ಇದ್ದರೆ ಮಾತ್ರ ದೂರು ಹೊರಗೆ ಹೋಗಬೇಕು. ಆಗ ನಿಮ್ಮ ವಹಿಯ ಪುಟಗಳ ಫೋಟೊ ಸಮೇತ ಬರೆದು ಕೊಡ್ರಿ. "ನೀರು ಕೆಟ್ಟದ್ದಿದೆ" ಅನ್ನುವ ಮಾತಿಗೂ "ಐದು ದಿನದಿಂದ ಬೆಳಗಿನ ಏಳಕ್ಕೆ ಉಳಿಕೆ ಕ್ಲೋರಿನ್ ಸೊನ್ನೆ" ಅನ್ನುವ ಮಾತಿಗೂ ಸಿಗುವ ಉತ್ತರ ಬೇರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೊರಗಿನ ಪೈಪು ಹೇಗೆ ಕೆಡುತ್ತದೆ ಅನ್ನುವುದೂ ತಿಳಿದಿರಲಿ. ಖಡಕವಾಸ್ಲಾ ಅಣೆಕಟ್ಟು ನಮ್ಮ ಕಣ್ಣೆದುರಿಗೇ ಇದೆ. ಅದರ ಹಿಂದೆ ಪಾನಶೇತ, ವರಸಗಾಂವ, ಟೇಮಘರ. ನೀರಿನ ಮಗ್ಗುಲಲ್ಲೇ ಇದ್ದೂ, 2021ರಲ್ಲಿ ಪಾಲಿಕೆಗೆ ಸೇರಿದ 23 ಹಳ್ಳಿಗಳ ಪೈಕಿ ನಮ್ಮ ಈ ಕಡೆಯವಕ್ಕೆ ಅಣೆಕಟ್ಟಿನ ನೀರು ಸೋಸುವ ಘಟಕ ಹಾಯದೆ, ಬಾವಿಗೆ ಬಂದು ಬ್ಲೀಚಿಂಗ್ ಹಾಕಿಸಿಕೊಂಡು ಬರುತ್ತಿತ್ತು. ಅದೂ ದಿನದಲ್ಲಿ ಕೆಲವೇ ತಾಸು. ನೀರು ನಿಂತಾಗ ಪೈಪು ಬರಿದಾಗುತ್ತದೆ, ಬರಿದಾದ ಪೈಪು ಹೀರುತ್ತದೆ. ಗಟಾರದ ಮಗ್ಗುಲಲ್ಲಿ ಒಂದು ಸಡಿಲ ಜಾಯಿಂಟ್ ಇದ್ದರೆ ಗಟಾರದ ನೀರೇ ಒಳಗೆ. ಮೇಲೆ ಯಾರೋ ಲೈನಿಗೆ ನೇರವಾಗಿ ಮೋಟರ್ ಹಚ್ಚಿ ಎಳೆದರಂತೂ ಮುಗಿದೇಹೋಯಿತು. ಆ ಮೋಟರ್ ಕೂಡಿಸಿ ಕೊಡು ಅಂತ ನನ್ನನ್ನು ಕರೆಯುತ್ತಾರೆ. ಎರಡು ಪಟ್ಟು ಕೂಲಿ ಕೊಟ್ಟರೂ ನಾನು ಹಚ್ಚುವುದಿಲ್ಲ. ನೀರು ಬಿಟ್ಟ ಮೊದಲ ಐದು-ಹತ್ತು ನಿಮಿಷದ ನೀರನ್ನು ಕುಡಿಯಲು ಹಿಡಿಯಬೇಡ್ರಿ. ಪಾಯಖಾನೆಗೆ, ನೆಲ ಒರೆಸಲು ಇಟ್ಟುಕೊಳ್ಳಿರಿ.

ಸಂಪು ತೊಳೆಯುವುದು

ಆರು ತಿಂಗಳಿಗೊಮ್ಮೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ.

ಇದರಲ್ಲಿ ಎಲ್ಲಕ್ಕಿಂತ ಮೊದಲ ಮಾತು ಮನುಷ್ಯರದ್ದು. ಮುಚ್ಚಿದ ಸಂಪಿನೊಳಗೆ ಗಾಳಿ ಕೆಟ್ಟಿರುತ್ತದೆ. 2025ರ ಮಾರ್ಚ್‌ನಲ್ಲಿ ಮುಂಬೈಯ ನಾಗಪಾಡಾದಲ್ಲಿ ನೆಲದಡಿಯ ನೀರಿನ ಟಾಕಿಗೆ ಇಳಿದ ಕಾರ್ಮಿಕರು ಉಸಿರುಗಟ್ಟಿ ಸತ್ತರು. ಇಂಥ ಕಡೆ ಒಬ್ಬ ಬಿದ್ದನೆಂದು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಇಳಿಯುವವರು ಬಹಳ ಮಟ್ಟಿಗೆ ನಮ್ಮ ಕಡೆಯ ಹುಡುಗರೇ, 600 ರೂಪಾಯಿ ಕೂಲಿಗೆ. ಅದಕ್ಕೆ ಮುಚ್ಚಳಗಳನ್ನೆಲ್ಲ ತೆಗೆದು ಒಂದು ತಾಸಾದರೂ ಬಿಡ್ರಿ. ಫ್ಯಾನೋ ಬ್ಲೋವರೋ ಹಚ್ಚಿ ಗಾಳಿ ಒಳಗೆ ತಳ್ಳಿರಿ. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿರಿ, ಮೇಲೆ ಇಬ್ಬರು ನಿಂತು ಅವನ ಜೊತೆ ಮಾತಾಡುತ್ತಲೇ ಇರಲಿ. ಮಾತು ನಿಂತರೆ ಎಳೆಯಿರಿ, ಇಳಿಯಬೇಡ್ರಿ. ಡೀಸೆಲ್ ಪಂಪನ್ನು ಒಳಗೆ ಇಡಲೇಬೇಡ್ರಿ, ಅದರ ಹೊಗೆ ಕೊಲ್ಲುತ್ತದೆ. ಸಂಪು ಆಳ ಇದ್ದರೆ ಗ್ಯಾಸ್ ಮೀಟರ್ ಇರುವವರನ್ನೇ ಕರೆಸಿರಿ. ಸೊಸೈಟಿಗೆ ಸಾವಿರ-ಎರಡು ಸಾವಿರ ಹೆಚ್ಚು ಬಿದ್ದರೆ ಬೀಳಲಿ.

ಕೆಲಸ ಹೀಗೆ: ನೀರು ಖಾಲಿ, ತಳದ ಹೂಳು ಎತ್ತಿ ಹೊರಗೆ, ಗೋಡೆಗೆ ಗಟ್ಟಿ ಬ್ರಷ್, ಆಮೇಲೆ ಚೊಕ್ಕ ನೀರಿನಿಂದ ಎರಡು ಸಲ ತೊಳೆತ. ಬಿರುಕು, ಪಸೆ, ಬೇರು ಏನಿದೆ ಅಂತ ನೋಡುವ ಹೊತ್ತು ಇದೇ. ಫೋಟೊ ತೆಗೆದಿಡ್ರಿ. ಕೊನೆಗೆ ಸಂಪಿಗೆ ನೀರು ತುಂಬಿ ಸಾವಿರ ಲೀಟರಿಗೆ 150 ಗ್ರಾಂ ಲೆಕ್ಕದಲ್ಲಿ ಟಿಸಿಎಲ್ ಪಾವಡರ್, ಅಂದರೆ ಬ್ಲೀಚಿಂಗ್ ಪೌಡರ್, ಕರಗಿಸಿ ಹಾಕಿ ಒಂದು ಹಗಲು-ರಾತ್ರಿ ಬಿಡಬೇಕು. ಅಷ್ಟು ಹೊತ್ತು ಆ ನೀರನ್ನು ಯಾರೂ ಬಳಸಬಾರದು, ಗೇಟಿಗೆ ದೊಡ್ಡ ಅಕ್ಷರದ ಚೀಟಿ ಹಚ್ಚಿರಿ. ಆಮೇಲೆ ಅಷ್ಟೂ ನೀರು ಚೆಲ್ಲಿ, ಸಂಪು ತೊಳೆದು, ಹೊಸ ನೀರು. ಪಾವಡರಿಗೆ ಆ್ಯಸಿಡ್ ಯಾವತ್ತೂ ತಾಗಬಾರದು, ವಿಷದ ಗಾಳಿ ಏಳುತ್ತದೆ. ಪಾಯಖಾನೆ ತೊಳೆಯುವ ಆ್ಯಸಿಡ್ ಡಬ್ಬಿಯನ್ನು ಅದರ ಮಗ್ಗುಲಲ್ಲೂ ಇಡಬೇಡ್ರಿ.

ಮುಚ್ಚಳ ನೆಲಮಟ್ಟಕ್ಕೆ ಇದ್ದರೆ ಅರ್ಧ ಅಡಿಯಾದರೂ ಕಟ್ಟೆ ಎತ್ತರಿಸಿರಿ. ಮಳೆಗಾಲದಲ್ಲಿ ಪಾರ್ಕಿಂಗಿನ ನೀರು, ನಾಯಿ ಹೇಲಿನ ಸಮೇತ, ಆ ಸಂದಿಯಿಂದಲೇ ಇಳಿಯುತ್ತದೆ. ಓವರ್‌ಫ್ಲೋ ಪೈಪಿನ ಬಾಯಿಗೆ ಜಾಳಿಗೆ ಕಟ್ಟಿರಿ. ಒಂದು ಟಾಕಿಯಲ್ಲಿ ಪಾರಿವಾಳ ಸತ್ತು ಬಿದ್ದು ಎಷ್ಟು ದಿನ ಆಗಿತ್ತೋ, ಜನ ಅದೇ ನೀರು ಕುಡಿದಿದ್ದರು.

ದಿನದ ಡೋಸ್

ಬ್ಲೀಚಿಂಗ್ ಪೌಡರಿಗೆ ಮಹಾರಾಷ್ಟ್ರದಲ್ಲಿ ಎಲ್ಲರೂ ಟಿಸಿಎಲ್ ಅನ್ನುತ್ತಾರೆ. ಅದನ್ನೇ ಕೇಳಿರಿ. ತಾಜಾ ಪೌಡರಿನಲ್ಲಿ ಸುಮಾರು 33 ಪರ್ಸೆಂಟ್ ಕ್ಲೋರಿನ್ ಇರುತ್ತದೆ. ಚೀಲ ಬಿಚ್ಚಿಟ್ಟರೆ, ಬಿಸಿಲು ತೇವ ತಾಗಿದರೆ, ತಿಂಗಳೊಪ್ಪತ್ತಿನಲ್ಲಿ ಬಲ ಇಳಿಯುತ್ತದೆ. ಪುಸ್ತಕದ ಲೆಕ್ಕ ಸಾವಿರ ಲೀಟರಿಗೆ 2.5 ಗ್ರಾಂ. ಚಮಚೆಯಲ್ಲಿ ಅಳೆಯಬೇಡ್ರಿ, 300 ರೂಪಾಯಿಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಹಿಟ್ಟು ಕಲಸಿದಂತೆ ಕಲಸಿ, ಆಮೇಲೆ ಬಕೆಟ್ ತುಂಬಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ಕೆಳಗೆ ಕೂಡುತ್ತದೆ. ಮೇಲಿನ ತಿಳಿಯನ್ನಷ್ಟೇ ಸಂಪಿಗೆ ಸುರಿಯಿರಿ. ಅರ್ಧ ತಾಸಿನ ಮೇಲೆ ಓಟಿ ಟೆಸ್ಟ್. 0.5 ಬರಲಿಲ್ಲವೆಂದರೆ ಇನ್ನೊಂದಿಷ್ಟು. ಲೆಕ್ಕಕ್ಕಿಂತ ಟೆಸ್ಟಿನ ಮಾತೇ ಕೊನೆ, ಯಾಕೆಂದರೆ ನಿಮ್ಮ ನೀರು ಎಷ್ಟು ಕ್ಲೋರಿನ್ ತಿನ್ನುತ್ತದೆ ಅನ್ನುವುದು ಯಾವ ಪುಸ್ತಕಕ್ಕೂ ಗೊತ್ತಿಲ್ಲ. ನೀರು ಗಡೂಳ ಇದ್ದರೆ ಕ್ಲೋರಿನ್ ಕೆಲಸ ಮಾಡುವುದಿಲ್ಲ. ಮೊದಲು ಪಟಿಕ ಆಡಿಸಿ ಕೊಳೆ ಕೂರಿಸಿ, ಸೋಸಿ, ಆಮೇಲೆ ಪೌಡರ್. ಪಟಿಕ ಕ್ರಿಮಿ ಕೊಲ್ಲುವುದಿಲ್ಲ, ಮಣ್ಣನ್ನು ಕೆಳಗೆ ಕೂರಿಸುತ್ತದೆ ಅಷ್ಟೇ.

ಪತ್ರಾ (ತಗಡಿನ) ಖೋಲಿಯಲ್ಲಿ ಇರುವವರಿಗೆ

ಸಂಪೂ ಇಲ್ಲ, ಸೊಸೈಟಿಯೂ ಇಲ್ಲ, ಸೈಟಿನ ಮೂಲೆಯ ಒಂದು ಡ್ರಮ್ಮೇ ನೀರಿನ ಆಸರೆ. ನಾನೂ ಮೊದಲ ಆರು ವರ್ಷ ಹಾಗೇ ಇದ್ದೆ. ನನ್ನ ದೊಡ್ಡ ಮಗಳಿಗೆ ನಾಲ್ಕು ವರ್ಷ ಇದ್ದಾಗ ಕಾಮಾಲೆ ಬಂದದ್ದು ಆ ಡ್ರಮ್ಮಿನ ನೀರಿನಿಂದಲೇ ಅಂತ ಈಗ ನನಗೆ ಅನ್ನಿಸುತ್ತದೆ. ಎಲ್ಲರೂ ಅದರಲ್ಲೇ ಮಗ್ ಅದ್ದುತ್ತಿದ್ದೆವು.

ಕುದಿಸುವುದು ಎಲ್ಲಕ್ಕಿಂತ ಖಾತ್ರಿ. ಗುಳ್ಳೆ ಬಂತು ಅಂತ ಇಳಿಸಬೇಡ್ರಿ. ನೀರು ತಳಮಳ ಮರಳಿದ ಮೇಲೆ ಒಂದು ನಿಮಿಷ ಎಣಿಸಿರಿ. ಬ್ಯಾಕ್ಟೀರಿಯಾ, ವೈರಸ್, ಕ್ಲೋರಿನ್‌ಗೂ ಬಗ್ಗದ ಕೆಲವು ಪರಾವಲಂಬಿಗಳು, ಎಲ್ಲ ಅಷ್ಟಕ್ಕೇ ಸಾಯುತ್ತವೆ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಲು ಬಿಡ್ರಿ. ಬೇರೆ ಕೊಡಕ್ಕೆ ಸುರುವಿದರೆ ಆ ಕೊಡದ ಹೊಲಸು ಸೇರಿಕೊಳ್ಳುತ್ತದೆ. ಗ್ಯಾಸಿಗೆ ದುಡ್ಡು ಸಾಲದವರು ಔಷಧ ಅಂಗಡಿಯಲ್ಲಿ ಕ್ಲೋರಿನ್ ಗುಳಿಗೆ ಕೇಳಿರಿ. ಚೀಟಿಯ ಮೇಲೆ ಬರೆದಷ್ಟು ಲೀಟರಿಗೆ ಒಂದು ಗುಳಿಗೆ ಹಾಕಿ ಅರ್ಧ ತಾಸು ಕಾಯಿರಿ.

ನೀರಿನಲ್ಲಿ ಕೈ ಅದ್ದುವುದನ್ನು ನಿಲ್ಲಿಸಿರಿ. ಕೆಳಗೆ ನಳ ಇರುವ 20 ಲೀಟರಿನ ಡಬ್ಬಿ ತೊಗೊಳ್ಳಿರಿ, ಇಲ್ಲದಿದ್ದರೆ ಉದ್ದ ಹಿಡಿಕೆಯ ಸೌಟನ್ನು ಮೊಳೆಗೆ ತೂಗುಹಾಕಿರಿ.

ನಮ್ಮವ್ವ ಊರಲ್ಲಿ ಬಾವಿ ನೀರನ್ನು ಹಳೇ ಸೀರೆ ಮಡಚಿ ಸೋಸುತ್ತಿದ್ದಳು. ಅದು ಸುಳ್ಳಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಸೀರೆಯನ್ನು ನಾಲ್ಕೆಂಟು ಪದರ ಮಡಚಿ ಸೋಸಿದಾಗ ಕಾಲರಾ ಸುಮಾರು ಅರ್ಧ ಇಳಿದದ್ದನ್ನು 2003ರಲ್ಲಿ ವಿಜ್ಞಾನಿಗಳು ಬರೆದಿದ್ದಾರೆ. ಅಲ್ಲಿ ಕಾಲರಾ ಕ್ರಿಮಿ ನೀರಿನ ಸಣ್ಣ ಹುಳಗಳಿಗೆ ಅಂಟಿಕೊಂಡಿರುತ್ತದೆ, ಸೀರೆ ಆ ಹುಳಗಳನ್ನು ತಡೆಯುತ್ತದೆ. ಗಟಾರ ಸೇರಿದ ಪುಣೆಯ ನೀರಿನ ಬಿಡಿ ಬ್ಯಾಕ್ಟೀರಿಯಾವನ್ನು ಸೀರೆ ತಡೆಯಲಾರದು. ತಾಮ್ರದ ಕೊಡದ ಮಾತೂ ಹೀಗೇ. 16 ತಾಸು ಇಟ್ಟರೆ ಭೇದಿಯ ಬ್ಯಾಕ್ಟೀರಿಯಾ ಸಾಯುತ್ತದೆ ಅಂತ 2012ರ ಒಂದು ಅಧ್ಯಯನ ತೋರಿಸಿದೆ. ಇದ್ದರೆ ಬಳಸಿರಿ, ಆದರೆ ರೋಗ ಹಬ್ಬಿದಾಗ ಅದೊಂದನ್ನೇ ನೆಚ್ಚಬೇಡ್ರಿ.

ಬೋರು, ಟ್ಯಾಂಕರ್, ಆರ್‌ಓ

ಬೋರಿನ ನೀರು ನೆಲದೊಳಗಿಂದ ಬಂದದ್ದು, ಶುದ್ಧ ಅನ್ನುವವರು ಬಹಳ. ಸೆಪ್ಟಿಕ್ ಟ್ಯಾಂಕಿನ ಪಕ್ಕದ ಬೋರು ಅಂದರೆ ಸೆಪ್ಟಿಕ್ ಟ್ಯಾಂಕಿನದೇ ನೀರು. ಅದರಲ್ಲಿ ನೈಟ್ರೇಟ್ 45 ಮಿಲಿಗ್ರಾಂ ದಾಟಿದರೆ ಹಸುಗೂಸುಗಳಿಗೆ ಅಪಾಯ, ಕುದಿಸಿದರೆ ಅದು ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಟ್ಯಾಂಕರ್ ಬಂದಾಗ ಸಂಪಿಗೆ ಬಿಡುವ ಮೊದಲೇ ಓಟಿ ಟೆಸ್ಟ್ ಮಾಡಿರಿ. ಸೊನ್ನೆ ಇದ್ದರೆ ವಾಪಸ್ ಕಳಿಸಿರಿ, ಇಲ್ಲವೇ ನೀವೇ ಡೋಸ್ ಹಾಕಿ ಅರ್ಧ ತಾಸು ಪಂಪು ಹಚ್ಚಬೇಡ್ರಿ. ಟ್ಯಾಂಕರಿನ ಪೈಪು ರಸ್ತೆಯ ಮೇಲೆ ಎಳೆದಾಡಿದ್ದು, ಅದರ ಬಾಯಿ ತೊಳೆಸಿರಿ.

ಆರ್‌ಓ ಬಗ್ಗೆ ಒಂದೇ ಮಾತು. ಅಣೆಕಟ್ಟಿನ ನೀರು ಇಲ್ಲಿ ಮೆದು. ನನ್ನ ಮೀಟರಿನಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಲೆಕ್ಕ, 90ರ ಆಸುಪಾಸು ತೋರಿಸುತ್ತದೆ, ಮಾನಕದ ಮಿತಿ 500. ಇದಕ್ಕೆ ಆರ್‌ಓ ಬೇಡ, ಒಂದು ಕೊಡಕ್ಕೆ ಎರಡು-ಮೂರು ಕೊಡ ನೀರು ಗಟಾರಕ್ಕೆ ಹೋಗುತ್ತದೆ. ಸೋಸಿ ಯುವಿ ದೀಪದ ಕೆಳಗೆ ಹಾಯಿಸುವ ಯಂತ್ರ ಸಾಕು. ಟಿಡಿಎಸ್ ಕಡಿಮೆ ಅಂದರೆ ಕ್ರಿಮಿ ಇಲ್ಲ ಅಂತ ಅರ್ಥವಲ್ಲ. ಮೀಟರ್ ಹಿಡಿದು ಮನೆಗೆ ಬರುವ ಮಾರಾಟಗಾರರು ಇದನ್ನು ಹೇಳುವುದಿಲ್ಲ. ಯಂತ್ರದಿಂದ ಬಂದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಅದನ್ನು ಅಂದಂದೇ ಮುಗಿಸಿರಿ.

ಸಂಶಯ ಬಿದ್ದರೆ

ಪುಣೆಯಲ್ಲೇ ರಾಜ್ಯ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಇದೆ, ಖಾಸಗಿ ಲ್ಯಾಬುಗಳೂ ಇವೆ. ಕ್ರಿಮಿ ಪರೀಕ್ಷೆಗೆ ಅವರೇ ಕೊಡುವ ಸ್ಟೆರೈಲ್ ಬಾಟಲಿಯಲ್ಲೇ ನೀರು ಹಿಡಿಯಬೇಕು, ಬಿಸ್ಲೇರಿ ಬಾಟಲಿ ನಡೆಯುವುದಿಲ್ಲ. ನಳದ ಬಾಯಿಯನ್ನು ಒರೆಸಿ, ನೀರು ಹರಿಸಿ, ಬಾಟಲಿಯ ಅಂಚಿಗೆ ಬೆರಳು ತಾಗದಂತೆ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅಂದೇ ಮುಟ್ಟಿಸಿರಿ. ವರದಿಯಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಸಾಲು ಮೊದಲು ನೋಡ್ರಿ. 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಲ್ಯಾಬಿಗೆ ಹೋಗಲಾಗದವರಿಗೆ ಎಚ್2ಎಸ್ ಬಾಟಲಿ ಸಿಗುತ್ತದೆ. ನೀರು ಹಾಕಿ ಬೆಚ್ಚಗಿನ ಕಡೆ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರಿಗೆ ಮಲದ ಸೋಂಕಿನ ಸಂಶಯ ಗಟ್ಟಿ, ಕುದಿಸದೆ ಮುಟ್ಟಬೇಡ್ರಿ.

ಭೇದಿ ಶುರುವಾದರೆ ಓಆರ್‌ಎಸ್. ಪಾಕೀಟು ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮ ಮಾಡಿದ ಆರು ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು. ಭೇದಿ ನಿಂತು ಒಂದು-ಮೂರು ವಾರದೊಳಗೆ ಪಾದ ಜುಮುಗುಟ್ಟಿದರೆ, ಮೆಟ್ಟಿಲು ಹತ್ತಲು ಕಾಲು ಏಳದಿದ್ದರೆ, ದಣಿವು ಅಂತ ಮಲಗಿಸಬೇಡ್ರಿ. ಅಂದೇ ಐಸಿಯು ಇರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ಹೋದವರ ಪೈಕಿ ಬಹಳ ಮಂದಿ ಎದ್ದು ನಡೆದಿದ್ದಾರೆ.

ಇನ್ನು ಊರಿನಿಂದ ಹೊಸದಾಗಿ ಬಂದು ಖೋಲಿ ಹುಡುಕುವವರು ಡಿಪಾಜಿಟ್ ಕೊಡುವ ಮೊದಲು ಮಾಲಕರನ್ನು ಮೂರು ಕೇಳಿರಿ: ಸಂಪು ಎಲ್ಲಿದೆ, ಡ್ರೈನೇಜ್ ಚೇಂಬರ್ ಎಲ್ಲಿದೆ, ಕಡೆಯ ಸಲ ಯಾವಾಗ ತೊಳೆಸಿದ್ದು. ಆಮೇಲೆ ಮುಚ್ಚಳ ಎತ್ತಿಸಿ ಟಾರ್ಚ್ ಬಿಟ್ಟು ನೋಡ್ರಿ. ಮರಾಠಿ ಬರದಿದ್ದರೆ "ಟಾಕೀಚ ಝಾಕಣ್ ಉಘಡಾ" ಅಂದರೆ ಸಾಕು, ತೆಗೆದು ತೋರಿಸುತ್ತಾರೆ.